ನೀರಿನ ರುಚಿ ನೋಡುವವರು

ಅಜ್ಜ ಕಟ್ಟೆಯ ಒಳಮಗ್ಗುಲಿಗೆ ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡರು. ನುಂಗಲಿಲ್ಲ. ಕಣ್ಣು ಮುಚ್ಚಿ, ನಾಲಗೆಯನ್ನು ಅತ್ತಿತ್ತ ಆಡಿಸಿ, ಪಕ್ಕಕ್ಕೆ ಉಗುಳಿದರು. ಒಲೆಯ ಮುಂದೆ ಸಾರಿನ ಉಪ್ಪು ನೋಡುವ ಅಮ್ಮಂದಿರ ಮುಖದಲ್ಲಿ ಒಂದು ಏಕಾಗ್ರತೆ ಇರುತ್ತದಲ್ಲ, ಅದೇ ಈ ಮುಖದಲ್ಲೂ ಇತ್ತು.

“ಇನ್ನೂ ಉಪ್ಪದೆ,” ಅಂದರು. “ಮೇಲೆ ಸಿಹಿ, ಅಡಿಗೆ ಉಪ್ಪು. ಬೀಜ ಹಾಕುಕೆ ಆಗುದಿಲ್ಲ.”

ನಾನು ಬಯಲುಸೀಮೆಯವನು. ಕೊಳವೆಬಾವಿಯ ಸವುಳನ್ನು ಬಿಟ್ಟರೆ ನಮ್ಮೂರಲ್ಲಿ ನೀರಿಗಿರುವುದು ಎರಡೇ ಗುಣ: ಇದೆ, ಇಲ್ಲ. ಒಂದೇ ಗದ್ದೆಯ ನೀರಿನಲ್ಲಿ ಮೇಲಿನ ಪದರಕ್ಕೊಂದು ರುಚಿ, ಅಡಿಯ ಪದರಕ್ಕೆ ಇನ್ನೊಂದು ರುಚಿ ಇರಬಹುದೆಂಬುದು ನನ್ನ ತಲೆಗೆ ಹೊಳೆಯುವ ಸಂಗತಿಯೇ ಆಗಿರಲಿಲ್ಲ. ಸಿಹಿನೀರು ಹಗುರ, ಉಪ್ಪುನೀರು ಭಾರ ಎಂಬುದನ್ನು ಶಾಲೆಯಲ್ಲಿ ಓದಿದ್ದೆ. ಅದನ್ನು ನಾಲಗೆಯಿಂದ ಅಳೆಯುವವರನ್ನು ಕಂಡದ್ದು ಇದೇ ಮೊದಲು.

2025ರ ಮೇ ಕೊನೆಯ ವಾರ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವಾಗ ಬಸ್ಸಿನ ಗಾಜಿನ ಮೇಲೆ ನೀರಿನ ಪರದೆಯೇ ಇಳಿದಿತ್ತು. ಜೂನ್ 1ರ ಸುಮಾರಿಗೆ ಕೇರಳ ಮುಟ್ಟಬೇಕಾದ ಮುಂಗಾರು ಆ ವರ್ಷ ಮೇ 24ಕ್ಕೇ ಬಂದು, ನಮ್ಮ ಕರಾವಳಿಯನ್ನೂ ಅದೇ ಉಸಿರಿನಲ್ಲಿ ಹಿಡಿದುಕೊಂಡಿತ್ತು. 2009ರ ನಂತರ ಇಷ್ಟು ಬೇಗ ಬಂದದ್ದಿಲ್ಲ ಎಂದು ಪತ್ರಿಕೆಗಳು ಬರೆದಿದ್ದವು. ನನ್ನ ಚೀಲದಲ್ಲಿ ಒಂದು ನೋಟ್‌ಬುಕ್ಕು, ಅದರ ಮೊದಲ ಪುಟದಲ್ಲಿ ಒಂದು ಪ್ರಶ್ನೆ: “ಹವಾಮಾನ ಬದಲಾವಣೆ ಬಗ್ಗೆ ನಿಮಗೇನನ್ನಿಸುತ್ತದೆ?” ಮೂರು ದಿನದಲ್ಲಿ ಆ ಪ್ರಶ್ನೆಯನ್ನು ನಾನು ಒಬ್ಬರಿಗೂ ಕೇಳಲಿಲ್ಲ. ಮೊದಲ ದಿನವೇ ಒಮ್ಮೆ ಬಾಯಿ ತೆರೆದದ್ದುಂಟು. ಕುಮಟಾದಲ್ಲಿ ಮೇಷ್ಟ್ರಾಗಿರುವ ಗೆಳೆಯ, ತನ್ನ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ತಿರುಗಿದವನು, ಮೊಣಕೈಯಲ್ಲಿ ತಿವಿದು ಸುಮ್ಮನಾಗಿಸಿದ.

ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕಾಡು ಕಣಿವೆಯಲ್ಲಿ ಹರಿದು, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಕಡಲು ಸೇರುತ್ತದೆ. ದಾರಿಯಲ್ಲಿ ಎಲ್ಲೂ ಅಣೆಕಟ್ಟಿಲ್ಲ. ಇದರ ಬೆಲೆ ತಿಳಿಯಬೇಕಾದರೆ ತೆಂಕಣ ದಿಕ್ಕಿನ ಶರಾವತಿಯನ್ನು ನೋಡಬೇಕು. ಅಲ್ಲಿ ವಿದ್ಯುತ್ತು ತೆಗೆದು ಬಿಟ್ಟ ನೀರು ಬೇಸಿಗೆಯಲ್ಲೂ ಕೆಳಗಿಳಿದು ಬರುತ್ತದೆ. ಹಾಗಾಗಿ ಅಳಿವೆಯಲ್ಲಿ ಉಪ್ಪು ತನ್ನ ಕಾಲಕ್ಕೆ ಏರುವುದಿಲ್ಲ, ಉಪ್ಪನ್ನು ನಂಬಿದ ಮೀನು, ಚಿಪ್ಪುಗಳು ಕಡಿಮೆಯಾದವು. ಅಘನಾಶಿನಿಯಲ್ಲಿ ಮಾತ್ರ ಉಪ್ಪು ಮತ್ತು ಸಿಹಿಯ ಹಳೆಯ ಸರದಿ ಇನ್ನೂ ನಡೆದಿದೆ: ಮಳೆಗಾಲದಲ್ಲಿ ನದಿ ಕಡಲನ್ನು ಹೊರಗೆ ತಳ್ಳುತ್ತದೆ, ಬೇಸಿಗೆಯಲ್ಲಿ ಕಡಲು ಮೈಲುಗಟ್ಟಲೆ ಒಳಗೆ ಬರುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರ್ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಅಜ್ಜನಿಗೆ ಆ ಸುದ್ದಿ ಗೊತ್ತಿತ್ತು. “ಬೋರ್ಡು ಹಾಕ್ತಾರಂತೆ,” ಎಂದಷ್ಟೇ ಹೇಳಿದರು.

ಆ ಸರದಿಯ ನಟ್ಟನಡುವೆ ಭತ್ತ ಬೆಳೆಯುವ ಜಾಗವೇ ಗಜನಿ. ಉಬ್ಬರದ ನೀರು ನುಗ್ಗುವ ತಗ್ಗುಭೂಮಿಗೆ ಸುತ್ತ ಕಟ್ಟೆ ಹಾಕಿ, ಅಲ್ಲಲ್ಲಿ ಹಲಗೆಯ ತೂಬುಗಳನ್ನು ಇಟ್ಟಿರುತ್ತಾರೆ. ತೂಬಿಗೆ ಇಲ್ಲಿಯ ಹೆಸರು ಜಂತ್ರಡಿ. ಇಳಿತದಲ್ಲಿ ಹಲಗೆ ಎತ್ತಿದರೆ ಒಳಗಿನ ನೀರು ಹೊರಗೆ ಹೋಗುತ್ತದೆ, ಭರತಿ ಬರುವ ಮೊದಲು ಹಲಗೆ ಇಳಿಸಿದರೆ ಕಡಲು ಹೊರಗೇ ನಿಲ್ಲುತ್ತದೆ. ಮುಂಗಾರಿನ ಮಳೆ ಹೊಯ್ದು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಕಟ್ಟಿದ ಕಗ್ಗದ ಬೀಜವನ್ನು ಚೆಲ್ಲುತ್ತಾರೆ. ಕಗ್ಗ ಎಂದರೆ ಉಪ್ಪು ತಾಳುವ ಭತ್ತ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಮನುಷ್ಯನ ಸೊಂಟ ಮೀರಿ ಬೆಳೆಯುತ್ತದೆ, ಗೊಬ್ಬರ ಕೇಳುವುದಿಲ್ಲ, ನದಿ ತಂದು ಹಾಕುವ ಮೆಕ್ಕಲೇ ಅದಕ್ಕೆ ಸಾಕು. ಕೇರಳದ ಪೊಕ್ಕಾಳಿ, ಗೋವೆಯ ಖಾಜನ್ ಗದ್ದೆಗಳ ಕೋರ್ಗುಟ್, ಇವೆಲ್ಲ ಒಂದೇ ಮನೆತನದವು ಅನ್ನಬಹುದು. ಕುಯಿಲು ಮುಗಿದ ಮೇಲೆ ಜಂತ್ರಡಿ ತೆರೆದು ಉಪ್ಪುನೀರನ್ನು ಒಳಗೆ ಕರೆಯುತ್ತಾರೆ. ಕೊಳೆಯುವ ಕೂಳೆ ಶೆಟ್ಲಿಗೆ, ಅಂದರೆ ಸಿಗಡಿಗೆ, ಮತ್ತು ಮೀನಿಗೆ ಮೇವಾಗುತ್ತದೆ. ಹೀಗೆ ಆರು ತಿಂಗಳು ಗದ್ದೆಯಾಗಿದ್ದದ್ದು ಉಳಿದ ಆರು ತಿಂಗಳು ಕಡಲಾಗುತ್ತದೆ. ರೈತ ಯಾರು, ಮೀನುಗಾರ ಯಾರು ಎಂದು ಇಲ್ಲಿ ಗೆರೆ ಎಳೆಯಲು ಹೊರಟವನು ಪೆನ್ನು ಮುಚ್ಚಿಕೊಳ್ಳಬೇಕು. ನಾನೂ ಮುಚ್ಚಿಕೊಂಡೆ.

“ಮಳೆ ಬೇಗ ಬಂತಲ್ಲ ಅಜ್ಜ, ಉಪ್ಪು ಬೇಗ ತೊಳೆದುಹೋಗಿ ಒಳ್ಳೇದೇ ಆಯ್ತಲ್ವಾ?” ಎಂದೆ. ನನ್ನ ಲೆಕ್ಕ ಸರಿಯಾಗೇ ಇದೆ ಎನ್ನಿಸಿತ್ತು.

ಅಜ್ಜ ಗೆಳೆಯನ ಕಡೆ ತಿರುಗಿ, ಇವರಿಗೆ ಎಲ್ಲಿಂದ ಶುರುಮಾಡಿ ಹೇಳುವುದು ಎಂಬಂತೆ ನೋಡಿದರು. ಆಮೇಲೆ ತಾಳ್ಮೆಯಿಂದ ಹೇಳಿದರು. ಗಜನಿಯನ್ನು ಒಣಗಿದಾಗಲೇ ಉತ್ತು, ಹೆಂಟೆ ತಿರುಗಿಸಿ ಬಿಸಿಲಿಗೆ ಬಿಟ್ಟಿರಬೇಕು. ಮೊದಲ ಮಳೆ ನಿಧಾನಕ್ಕೆ ಬಂದು ಹೆಂಟೆಯನ್ನು ಕರಗಿಸಬೇಕು. ಎರಡನೆಯದು ಉಪ್ಪನ್ನು ಎತ್ತಿಕೊಂಡು ಹೋಗಬೇಕು. ಆಮೇಲೆ ನಾಕು ದಿನ ಹೊಳವಾಗಿ, ಗದ್ದೆಯಲ್ಲಿ ಪಾದ ಮುಳುಗುವಷ್ಟೇ ನೀರು ನಿಂತಾಗ ಬೀಜ ಕೂರಬೇಕು. ಈ ಸಲ ಕೃತ್ತಿಕೆ ಮುಗಿಯುವ ಮೊದಲೇ ಆಕಾಶ ಒಡೆದುಕೊಂಡಿತು. ಉಳುವುದು ಅರ್ಧಕ್ಕೇ ನಿಂತಿತ್ತು. ಹೆಂಟೆ ಕರಗಲಿಲ್ಲ, ಅದರ ಹೊಟ್ಟೆಯೊಳಗೆ ಉಪ್ಪು ಕೂತೇ ಇದೆ. ಮೇಲೆ ಮೊಣಕಾಲುದ್ದ ಮಳೆನೀರು. ಬೀಜ ಹಾಕಿದರೆ ತೇಲುತ್ತದೆ.

“ಎರಡು ವರ್ಷದ ಹಿಂದೆ ಇದರ ತಿರುಗಾಮುರುಗಾ,” ಅಂದರು. 2023ರಲ್ಲಿ ಕಡಲ ನಡುವೆ ಬಿಪರ್ಜಾಯ್ ಚಂಡಮಾರುತ ಎದ್ದಿತ್ತು, ಮುಂಗಾರು ಕೇರಳಕ್ಕೆ ಕಾಲಿಟ್ಟದ್ದೇ ಜೂನ್ 8ಕ್ಕೆ. ಮೃಗಶಿರ ಬಂದರೂ ಗಜನಿಯ ಮೇಲೆ ಬಿಳಿಯ ಉಪ್ಪು ಹೊಳೆಯುತ್ತಿತ್ತಂತೆ. ಅಜ್ಜನ ದೂರು ಮಳೆ ಬೇಗ ಬಂತೆಂದೂ ಅಲ್ಲ, ತಡವಾಯಿತೆಂದೂ ಅಲ್ಲ. ರೋಹಿಣಿ, ಮೃಗಶಿರ, ಆರಿದ್ರೆ ಎಂದು ಹದಿನಾಲ್ಕು ದಿನಕ್ಕೊಂದರಂತೆ ಹೆಸರಿಟ್ಟು, ಗುಣ ಗುರುತಿಸಿ ಇಟ್ಟುಕೊಂಡಿದ್ದ ಮಳೆಗಳು ಈಗ ಹೆಸರು ಕರೆದರೆ ಓಗೊಡುವುದಿಲ್ಲ. “ಎಲ್ಲ ಒಂದೇ ನಮೂನೆ ಆಗಿಹೋಗದೆ ತಮಾ. ಆರಿದ್ರೆ ಯಾವುದು, ಪುಷ್ಯ ಯಾವುದು ಹೇಳಿ ಗೊತ್ತಾಗುದಿಲ್ಲ.” ಮಕ್ಕಳ ಗುಣ ಬದಲಾಗಿದೆ ಎಂದು ಹೇಳುವ ದನಿ ಅದು.

ಜಂತ್ರಡಿಯ ಪಕ್ಕದ ಚಿರೆಕಲ್ಲಿನ ಗೋಡೆ ತೋರಿಸಿದರು. ಅವರು ಹುಡುಗನಾಗಿದ್ದಾಗ ಅಮಾವಾಸ್ಯೆಯ ಭರತಿ ಇಂತಿಲ್ಲಿಗೆ ಬರುತ್ತಿತ್ತು ಎಂದು ಒಂದು ಕಲ್ಲು ಮುಟ್ಟಿದರು. ಈಗ ಎಂದು ಇನ್ನೊಂದನ್ನು ಮುಟ್ಟಿದರು. ನಡುವೆ ಒಂದು ಗೇಣಿಗೂ ಹೆಚ್ಚು. ರಾತ್ರಿ ಲಾಡ್ಜಿನಲ್ಲಿ ಕೂತು ನಾನು ಲೆಕ್ಕ ಹಾಕಿದೆ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ ಸರಾಸರಿ 3.3 ಮಿಲಿಮೀಟರ್ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಅಂದರೆ ಇಪ್ಪತ್ತನಾಲ್ಕು ವರ್ಷಕ್ಕೆ ನಾಲ್ಕು ಬೆರಳು. ಅದಕ್ಕೂ ಹಿಂದಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಏರಿಕೆಯ ವೇಗ ಹೆಚ್ಚೆಂದರೆ ಇದರ ಅರ್ಧದಷ್ಟು. ಹಾಗಾದರೆ ಅಜ್ಜನ ಗೇಣು ಸುಳ್ಳೇ? ಮೆಕ್ಕಲು ತುಂಬಿ ಹೊಳೆಯ ತಳ ಏರಿರಬಹುದು, ಕಟ್ಟೆ ತನ್ನ ಭಾರಕ್ಕೇ ಕುಸಿದಿರಬಹುದು. ಕಡಲು ಕೆಲವು ಬೆರಳು ಏರಿ ನೆಲವೂ ಕೆಲವು ಬೆರಳು ಇಳಿದರೆ ಗೇಣಿಗೆ ಹತ್ತಿರ ಬರುತ್ತದೆ. ಗದ್ದೆಯೊಳಗೆ ನುಗ್ಗುವ ನೀರಿಗೆ ಯಾರ ಪಾಲೆಷ್ಟು ಎಂಬುದು ಮುಖ್ಯವಲ್ಲ. ವರದಿ ಅಳೆದದ್ದು ಸಾಗರವನ್ನು, ಅಜ್ಜ ಅಳೆದದ್ದು ತಮ್ಮ ಜಂತ್ರಡಿಯನ್ನು.

ಕಟ್ಟೆಗುಂಟ ಕಾಂಡ್ಲಾ ಗಿಡಗಳು ನಿಂತಿವೆ. ನುಗ್ಗೆಕಾಯಿಯಂತೆ ಜೋತಾಡುತ್ತಿದ್ದದ್ದನ್ನು ಕಾಯಿ ಎಂದುಕೊಂಡೆ. ಅದು ಮರಿ. ತಾಯಿಮರದ ಮೇಲೇ ಬೀಜ ಮೊಳೆತು, ಗೇಣುದ್ದ ಬೆಳೆದು, ಕಳಚಿ ಕೆಸರಿಗೆ ಭರ್ಜಿಯಂತೆ ನಾಟಿಕೊಳ್ಳುತ್ತದೆ. ಭರತಿಯಿದ್ದರೆ ತೇಲುತ್ತಾ ಹೋಗಿ ಇನ್ನೆಲ್ಲೋ ಬೇರೂರುತ್ತದೆ. ಉಪ್ಪಿನಲ್ಲಿ ಹೆರುವ ಮರ! ಬಾಯಿ ತೆರೆದುಕೊಂಡು ನೋಡುತ್ತಿದ್ದ ನನ್ನ ಕಾಲ ಮೇಲೆ ಏಡಿಯೊಂದು ಹರಿದುಹೋಯಿತು. 1980, 90ರ ದಶಕಗಳಲ್ಲಿ ಸಿಗಡಿ ಕೃಷಿಯ ಹುಚ್ಚು ಹತ್ತಿ ಇಲ್ಲಿಯ ಕಾಂಡ್ಲಾ ಎಷ್ಟೋ ಕಡೆ ಕೊಡಲಿಗೆ ಬಿತ್ತು. ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಹೋಯಿತು, ಕಟ್ಟೆಗೆ ಅಡ್ಡ ನಿಲ್ಲುತ್ತಿದ್ದ ಬೇರೂ ಹೋಯಿತು. ಕಗ್ಗ ಬಿತ್ತುವವರ ಸಂಖ್ಯೆ ಇಳಿದದ್ದಕ್ಕೆ ಹವೆಯೊಂದೇ ಕಾರಣ ಎಂದರೆ ಇಲ್ಲಿ ಯಾರೂ ಒಪ್ಪುವುದಿಲ್ಲ.

ಮಾರನೆಯ ದಿನ ಸಾಣಿಕಟ್ಟಾ. ಇಲ್ಲಿ ಉಪ್ಪಿನ ಆಗರಗಳಿವೆ. ನೆಲವನ್ನು ಕಾಲಿನಿಂದಲೇ ತುಳಿದು ಸಿಮೆಂಟಿನಷ್ಟು ನುಣುಪು ಮಾಡಿ, ಕಡಲನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಬಿಡುತ್ತಾ ಬಿಸಿಲಿಗೆ ಗಟ್ಟಿ ಮಾಡಿ, ಕೊನೆಯ ಪಾತಿಯಲ್ಲಿ ಹರಳುಗಟ್ಟಿದ್ದನ್ನು ಎಳೆದು ರಾಶಿ ಹಾಕುತ್ತಾರೆ. ನಾನು ಹೋದಾಗ ಪಾತಿಗಳಲ್ಲಿ ಹರಳಿರಲಿಲ್ಲ, ಮೋಡದ ಬಿಂಬವಿತ್ತು. ಮೇ ತಿಂಗಳೆಂದರೆ ಇವರ ಸುಗ್ಗಿಯ ಕೊನೆ. ಒಂದೊಂದು ಬಿಸಿಲೂ ದುಡ್ಡು. ಟಾರ್ಪಾಲು ಹೊದೆಸಿದ ರಾಶಿಯ ಬುಡದಲ್ಲಿ ಉಪ್ಪು ಕರಗಿ ತೊಟ್ಟಿಕ್ಕುತ್ತಿತ್ತು. ಹತ್ತಿರ ನಿಂತಿದ್ದ ಕೆಲಸದ ಹೆಂಗಸು, ಮಳೆ ಯಾವಾಗ ಬಂತಕ್ಕ ಎಂದು ನಾನು ಕೇಳಿದ್ದಕ್ಕೆ, “ಮಳೆ ಬಂದದ್ದು ನಂಗೆ ನೆನಪಿಲ್ಲ. ಬಿಸಿಲು ಹೋದದ್ದು ನೆನಪದೆ, ಮಂಗಳವಾರ,” ಅಂದಳು.

ಕಟ್ಟೆಯ ಈಚೆಗೆ ಅಜ್ಜ ಯಾವ ಮಳೆಗೆ ಕಾಯುತ್ತಾರೋ ಅದೇ ಮಳೆ ಇವಳ ಕೂಲಿಯನ್ನು ಕರಗಿಸುತ್ತದೆ. ಎರಡು ಊರಿನ ನಡುವೆ ಇರುವುದು ಒಂದು ಹೊಳೆ. ಸ್ಕೂಟರಿನ ಹಿಂದೆ ಕೂತು ನೆನೆಯುತ್ತಾ ನಾನು ಇದನ್ನೇ ಮೆಲುಕು ಹಾಕಿದೆ. ಪುಸ್ತಕದಲ್ಲಿ ಕರಾವಳಿಯ ಜನ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ.

ತದಡಿಯ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿದ್ದವು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಈ ಸಲ ಅದಕ್ಕೂ ವಾರ ಮೊದಲೇ ಕೊಂಕಣ ತೀರದಲ್ಲಿ ವಾಯುಭಾರ ಕುಸಿದು, ಕಡಲೇ ನಿಷೇಧ ಹಾಕಿತ್ತು. ಬಲೆ ರಿಪೇರಿ ಮಾಡುತ್ತಾ ಕೂತವರ ನಡುವೆ ನಮಗೂ ಒಂದು ಪೆಟ್ಟಿಗೆ ಸರಿಸಿಕೊಟ್ಟರು, ಚಾ ಬಂತು, ಮಾತು ಬಂತು. ಮೊದಲು ಬಂದದ್ದು ತಾರ್ಲೆಯ ಮಾತು. ಮಂಗಳೂರು ಕಡೆ ಬೂತಾಯಿ ಎನ್ನುವ ಈ ಬೆಳ್ಳಿ ಮೀನು ಬಡವರ ಮನೆಯ ಸಾರು. ಒಂದು ವರ್ಷ ಕೋಳಿಗೂ ಹಾಕಿ ಮಿಗುವಷ್ಟು ಬರುತ್ತದೆ, ಇನ್ನೊಂದು ವರ್ಷ ಔಷಧಕ್ಕೂ ಸಿಗುವುದಿಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕದ್ದು 2021ರಲ್ಲಿ ನಾಲ್ಕು ಸಾವಿರ ಟನ್ನನ್ನೂ ಮುಟ್ಟಲಿಲ್ಲ.

“ನೀರು ಕಾಯ್ತದೆ. ಕಾದ್ರೆ ಮೀನು ಮೇಲೆ ನಿಲ್ಲುದಿಲ್ಲ, ತಳಕ್ಕೆ ಹೋಗ್ತದೆ,” ಎಂದರು ಹಿರಿಯರೊಬ್ಬರು. ಬಂಗಡೆ ಈಚಿನ ದಶಕಗಳಲ್ಲಿ ಆಳಕ್ಕಿಳಿದಿದೆ, ತಾರ್ಲೆ ತನ್ನ ಹಳೆಯ ಸರಹದ್ದು ಮೀರಿ ಬಡಗಣಕ್ಕೂ ಮೂಡಣ ಕರಾವಳಿಗೂ ಹಬ್ಬಿದೆ ಎಂದು ಕೊಚ್ಚಿಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿದ್ದೂ ಇದನ್ನೇ. ಆದರೆ ಪಕ್ಕದಲ್ಲಿದ್ದ ಇನ್ನೊಬ್ಬರು ಸೂಜಿ ಕೆಳಗಿಟ್ಟು ಜಗಳಕ್ಕೇ ನಿಂತರು. ಬಿಸಿಯಂತೆ, ಬಿಸಿ! ರಾತ್ರಿ ಎಲ್‌ಇಡಿ ದೀಪ ಹಾಕಿ ಮರಿಮೀನನ್ನೂ ಗೋರಿಕೊಂಡು ಹೋಗುವವರನ್ನು ಕೇಳುವವರಿಲ್ಲ, 2017ರಿಂದ ನಿಷೇಧವಿದ್ದೂ ಅಷ್ಟೇ. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದಾಗ, ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಾಂಪಣಿ ಬಲೆ ಸತ್ತದ್ದು ಯಾವ ಬಿಸಿಗೆ? ಹಿರಿಯರು ನಕ್ಕರು. “ಅದೂ ಹೌದು, ಇದೂ ಹೌದು.” ತಾರ್ಲೆಗೆ ಬಿಟ್ಟುಹೋಗುವ ಚಾಳಿ ಮೊದಲಿನಿಂದಲೂ ಉಂಟು, 1940ರ ದಶಕದಲ್ಲೂ ಹೀಗೇ ವರ್ಷಗಟ್ಟಲೆ ಮಾಯವಾಗಿತ್ತು. ಈ ತಕರಾರಿನಲ್ಲಿ ನನಗೆ ಅಜ್ಞಾನ ಕಾಣಲಿಲ್ಲ. ಮೂರು ಕಾರಣಗಳನ್ನು ಒಟ್ಟಿಗೆ ಕೈಯಲ್ಲಿ ಹಿಡಿದು ತೂಗುವ ಸಭೆಗಳು ನಗರದಲ್ಲಿ ಕಡಿಮೆ.

ಗಾಳಿಯ ವಿಷಯದಲ್ಲಿ ಮಾತ್ರ ಜಗಳವಿರಲಿಲ್ಲ. ಮೊದಲು ತೂಫಾನು ಎಂದರೆ ಮದ್ರಾಸಿನ ಕಡೆಯ ಸುದ್ದಿ. ಈಗ ಓಖಿ, ಕ್ಯಾರ್, ಮಹಾ, ತೌಕ್ತೆ ಎಂದು ಸಂಬಂಧಿಕರ ಹೆಸರಿನಂತೆ ಎಣಿಸುತ್ತಾರೆ. 2019 ಒಂದೇ ವರ್ಷ ಅರಬ್ಬೀ ಸಮುದ್ರದಲ್ಲಿ ಐದು ಚಂಡಮಾರುತ ಎದ್ದವು. 1982ರಿಂದ 2000ದವರೆಗಿನ ಕಾಲಕ್ಕೆ ಹೋಲಿಸಿದರೆ 2001ರಿಂದ 2019ರವರೆಗೆ ಇಲ್ಲಿ ಚಂಡಮಾರುತಗಳು ಶೇಕಡಾ 52ರಷ್ಟು ಹೆಚ್ಚಿವೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಲೆಕ್ಕ ಕೊಟ್ಟರು. ಅವು ಕಡಲ ಮೇಲೆ ಕಳೆಯುವ ಒಟ್ಟು ಹೊತ್ತೂ ಶೇಕಡಾ 80ರಷ್ಟು ಬೆಳೆದಿದೆ. ಹುಡುಗನೊಬ್ಬ ಮೊಬೈಲಿನಲ್ಲಿ ಗಾಳಿಯ ನಕ್ಷೆ ತೋರಿಸಿದ. ನೀಲಿ, ಹಸಿರು, ಕೆಂಪು ಗೆರೆಗಳು ಕಡಲ ಮೇಲೆ ಕೂದಲಿನಂತೆ ಹರಿಯುತ್ತಿದ್ದವು. “ನಮ್ಮ ಅಜ್ಜ ಗಾಳಿ ಮೂಸಿ ಹೇಳ್ತಿದ್ದ, ನಾನು ಇದ್ರಲ್ಲಿ ನೋಡ್ತೇನೆ,” ಎಂದ. ಯಾವುದು ಸರಿ ಬರುತ್ತದೆ ಎಂದೆ. “ಅಜ್ಜಂದು ಸರಿ ಬರ್ತಿತ್ತು. ಈಗ ಅಜ್ಜಂದೂ ತಪ್ತದೆ.”

ಆ ರಾತ್ರಿ ಅಘನಾಶಿನಿ ಊರಿನಲ್ಲಿ, ಗೆಳೆಯನ ಅತ್ತೆಯ ಮನೆಯಲ್ಲಿ ಉಳಿದೆವು. ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ. ಹೊರಗೆ ಅಳಿವೆಯ ಬಾಯಲ್ಲಿ ನದಿ ಮತ್ತು ಕಡಲು ಗುದ್ದಾಡುವ ಸದ್ದು. ಬೆಳಗಿನ ಇಳಿತಕ್ಕೆ ಅತ್ತೆ ನಮ್ಮನ್ನು ಎಬ್ಬಿಸಿ ಹೊಳೆಗೆ ಕರೆದೊಯ್ದರು. ನೀರು ಹಿಂದೆ ಸರಿದು, ಮರಳಿನ ಬೆನ್ನು ಎದ್ದಿತ್ತು. ಬಳಚು ಚಿಪ್ಪು ಹೆಕ್ಕುವ ಕಾಲ ಹೆಚ್ಚುಕಡಿಮೆ ಮುಗಿದಿತ್ತು. ಆದರೂ ನಾಲ್ಕೈದು ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿ ಬಂದಿದ್ದರು. ಮರಳಿನ ಮೇಲೆ ಸೂಜಿಮೊನೆಯಷ್ಟು ಒಂದು ಗುಳಿ. ಅತ್ತೆ ಬೆರಳು ಇಳಿಸಿ, ಮುಚ್ಚಿದ ಚಿಪ್ಪನ್ನು ಎತ್ತಿ ನನ್ನ ಅಂಗೈಗಿಟ್ಟರು. ಅದರ ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಗುಳಿ ಹುಡುಕಿ ನಾನು ಅಗೆದೆ. ಕೆಸರು ಬಂತು. ಇನ್ನೊಂದು ಅಗೆದೆ, ಹುಳ ಬಂತು. ಹೆಂಗಸರು ಬುಟ್ಟಿ ಹಿಡಿದುಕೊಂಡು ನಕ್ಕರು.

ಬಳಚಿಗೆ ಉಪ್ಪು ಬೇಕು. ಹೊಳೆ ತುಂಬಿ ಸಿಹಿನೀರು ವಾರಗಟ್ಟಲೆ ನಿಂತರೆ ಚಿಪ್ಪು ಬಾಯಿ ಬಿಟ್ಟು ಸಾಯುತ್ತದೆ. ಪ್ರತಿ ಮಳೆಗಾಲದಲ್ಲೂ ಒಂದಿಷ್ಟು ಸಾಯುವುದು ಹಳೆಯ ಕ್ರಮ, ಉಳಿದದ್ದು ಮತ್ತೆ ಹಬ್ಬುತ್ತದೆ. 2019ರ ಆಗಸ್ಟಿನ ನೆರೆಯಂಥದ್ದು ಬಂದಾಗ ಹಬ್ಬಲು ಉಳಿಯುವುದೇ ಕಡಿಮೆ. ಈಗ ಮಳೆ ಮೇ ತಿಂಗಳಿಗೇ ಬಂದು ದೀಪಾವಳಿ ದಾಟಿದ ಮೇಲೂ ಹೊಯ್ಯುತ್ತಿದ್ದರೆ ಉಪ್ಪಿನ ದಿನಗಳು ಎರಡೂ ತುದಿಯಿಂದ ಸವೆಯುತ್ತವೆ. ಇದನ್ನು ಅತ್ತೆ ಹೇಳಿದ್ದು ಹೀಗೆ: “ಮೊದ್ಲು ನಾವು ಬುಟ್ಟಿ ತುಂಬಿತು ಹೇಳಿ ಏಳ್ತಿದ್ವು. ಈಗ ಭರತಿ ಬಂತು ಹೇಳಿ ಏಳ್ತೇವೆ.”

ಕೊನೆಯ ಸಂಜೆ ಮತ್ತೆ ಗಜನಿಗೆ ಹೋದೆವು. ಬಸ್ಸು ರಾತ್ರಿ ಹತ್ತಕ್ಕೆ. ಮಳೆ ಸ್ವಲ್ಪ ಬಿಟ್ಟು, ಪಡುವಣದಲ್ಲಿ ಮೋಡದ ಅಡಿ ಸೀಳಿ ಕುಂಕುಮದ ಒಂದು ಗೆರೆ ಮೂಡಿತ್ತು. ಇಳಿತದ ಹೊತ್ತು. ಅಜ್ಜ ಮತ್ತು ಅವರ ಸೊಸೆ ಜಂತ್ರಡಿಯ ಹಲಗೆಗಳನ್ನು ಒಂದೊಂದಾಗಿ ಎತ್ತುತ್ತಿದ್ದರು. ಮೊದಲನೆಯದು ಎದ್ದಾಗ ನೀರು ಗೊಣಗಿತು. ಮೂರನೆಯದಕ್ಕೆ ಗಜನಿಯ ಅಷ್ಟಗಲ ನೀರೆಲ್ಲ ಒಮ್ಮೆ ತಿರುಗಿ ನೋಡಿದಂತಾಗಿ, ತೂಬಿನ ಬಾಯಿಗೆ ಹರಿದು, ಕಂದು ಬಣ್ಣದ ದಪ್ಪ ಹಗ್ಗದಂತೆ ಹೊರಗೆ ಬಿತ್ತು. ಬೆಳ್ಳಕ್ಕಿಗಳು ಹತ್ತಾರು ಎಲ್ಲಿಂದಲೋ ಬಂದು ತೂಬಿನ ಎರಡೂ ಕಡೆ ಸಾಲಾಗಿ ನಿಂತವು. ಅವಕ್ಕೆ ಹೇಳಿಕಳಿಸಿದವರು ಯಾರು? ಹರಿವಿಗೆ ಎದುರಾಗಿ ಮೀನಿನ ಮರಿಗಳು ಚಿಮ್ಮುತ್ತಿದ್ದವು. ಬಿದ್ದು, ಮತ್ತೆ ಚಿಮ್ಮುತ್ತಿದ್ದವು. ಮಾತಾಡಬೇಕೆನ್ನಿಸಲಿಲ್ಲ.

“ನೋಡಿ ನೀವೇ,” ಎಂದು ಅಜ್ಜ ಗದ್ದೆಯ ಅಡಿಯಿಂದ ಒಂದು ಬೊಗಸೆ ನೀರೆತ್ತಿ ನನ್ನ ಮುಂದೆ ಹಿಡಿದರು.

ಬಾಯಿಗೆ ಹಾಕಿಕೊಂಡೆ. ಮಣ್ಣು, ಕೊಳೆತ ಹುಲ್ಲು, ಹಿಂದಿನಿಂದ ಒಂದಿಷ್ಟು ಉಪ್ಪು. ಅಥವಾ ಅದು ಮೂರು ದಿನದ ಕಡಲಗಾಳಿ ನನ್ನ ತುಟಿಯಲ್ಲೇ ಬಿಟ್ಟಿದ್ದ ಉಪ್ಪೋ? “ಉಪ್ಪಿದೆ,” ಎಂದೆ.

ಅಜ್ಜ ತಾವೂ ನೋಡಿ ಉಗುಳಿದರು. ಸೊಸೆಯ ಕಡೆ ನೋಡಿದರು. ಅವಳು ಬಗ್ಗಿ, ಬೆರಳು ಅದ್ದಿ, ನಾಲಗೆಗೆ ತಾಗಿಸಿ, “ನಾಳಿಗೆ ಬೀಜ ನೆನೆಸ್ಲಕ್ಕು,” ಅಂದಳು.

“ನಾಳಿಗೆ ಬೇಡ,” ಅಜ್ಜ ಅಂದರು.

ಹೆಂಟೆಯೊಳಗಿನ ಉಪ್ಪನ್ನು ಇವಳು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಅಜ್ಜ, ಮತ್ತೆ ಕಾದು ಕೂತರೆ ಮುಂದಿನ ಮಳೆಗೆ ಬೀಜವೇ ತೇಲಿಹೋಗುತ್ತದೆ ಎಂದು ಅವಳು. ಇಬ್ಬರೂ ಹಲಗೆಗಳನ್ನು ಮತ್ತೆ ಇಳಿಸುತ್ತಾ ಅದೇ ಮಾತು ಮುಂದುವರಿಸಿದರು. ಭರತಿ ತಿರುಗುವ ಹೊತ್ತಾಗಿತ್ತು. ಗೆಳೆಯ ಸ್ಕೂಟರು ಚಾಲೂ ಮಾಡಿದ. ಹೆಗಲ ಮೇಲಿಂದ ತಿರುಗಿ ನೋಡಿದಾಗ ಕತ್ತಲಲ್ಲಿ ಅವರ ಟಾರ್ಚಿನ ಬೆಳಕು ಕಟ್ಟೆಯ ಮೇಲೆ ನಡೆಯುತ್ತಿತ್ತು, ನಿಲ್ಲುತ್ತಿತ್ತು, ನೀರಿಗೆ ಬಗ್ಗುತ್ತಿತ್ತು.